ಮೂರನೆಯ ಪ್ಲೇಟು

ಜನವರಿ ೯, ಸೋಮವಾರ

ಬೆಳಗ್ಗೆಯಿಂದ ನಾಲ್ಕು ಜೋಡಿ. ಸಿಕ್ಕಿದ್ದು ಒಂದು ಗೀರು, ಎರಡು ಧೂಳು, ಯಾರೋ ಪುಣ್ಯಾತ್ಮ ಹೆಬ್ಬೆರಳು ಒತ್ತಿದ ಗುರುತು. ಯಂತ್ರದ ಎಡಕ್ಕೆ ಆಕಾಶದ ಫೋಟೋ ಹಿಡಿದ ಹಳೆಯ ಗಾಜಿನ ಪ್ಲೇಟು, ಬಲಕ್ಕೆ ಅದೇ ತುಂಡು ಆಕಾಶದ ಹೊಸ ಪ್ಲೇಟು. ಲಿವರ್ ಒತ್ತಿದರೆ ಕಣ್ಣಿಡುವ ಐಪೀಸಿನಲ್ಲಿ ಹಳೆಯದು, ಬಿಟ್ಟರೆ ಹೊಸದು. ಟಕ್, ಟಕ್. ಸಾವಿರಾರು ನಕ್ಷತ್ರ, ನೆಗೆಟಿವ್ ಆದ್ದರಿಂದ ಕರಿ ಚುಕ್ಕೆಗಳು, ಗರ ಬಡಿದ ಹಾಗೆ ಕೂತಿರುತ್ತವೆ. ಒಂದು ಕುಪ್ಪಳಿಸಿದರೆ ಅದು ಓಡುವ ನಕ್ಷತ್ರ. ಓಟ ಕಾಣುತ್ತಿದೆ ಎಂದರೆ ಹತ್ತಿರದ್ದು, ಸೂರ್ಯನ ನೆರೆಮನೆಯದು. ದೂರದಲ್ಲಿರುವವನು ಎಷ್ಟು ಓಡಿದರೂ ನಮಗೆ ನಿಂತವನೇ.

ಮಧ್ಯಾಹ್ನ ತಂಗಿಯ ಸರದಿ. ನನ್ನ ಕುರ್ಚಿಯ ಬಿಸಿ ಆರುವ ಮುಂಚೆ ಒಂದನ್ನು ಹಿಡಿದಳು. ಪಟ್ಟಿಯಲ್ಲಿ ಮೊದಲೇ ಇದ್ದದ್ದು, ಹೊಸದಲ್ಲ. ಆದರೂ ಹಿಡಿದಳಲ್ಲ.

ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದಳು. ಅಮ್ಮ ಸೊಂಟ ಮುರಿದುಕೊಂಡ ಮೇಲೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಸೊಂಟದಲ್ಲಿ ಕಳೆದುಕೊಂಡ ಶಕ್ತಿಯೆಲ್ಲ ನಾಲಿಗೆಗೆ ಬಂದಿದೆ.

"ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಸೂರ್ಯನ ಪಕ್ಕದ ಮನೆ ಹುಡುಕ್ತಾವಂತೆ ಇವು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡವಳು ಹುಡುಕ್ತಾಳೆ, ಚಿಕ್ಕವಳಿಗೆ ಸಿಗುತ್ತೆ."

ತಂಗಿ ನಕ್ಕಳು. ನಾನೂ ನಕ್ಕೆ. ಹಲ್ಲು ಇರುವುದೇ ಅದಕ್ಕೆ.


ಜನವರಿ ೧೭

ಮುಖ್ಯಸ್ಥರು ಕರೆಸಿದ್ದರು. ಇಬ್ಬರೂ ಸೇರಿ ಅವರಿಗೆ ಗೂಬೆ ಅಂತ ಹೆಸರಿಟ್ಟು ಬಹಳ ಕಾಲವಾಯಿತು. ದಪ್ಪ ಕನ್ನಡಕ, ಮೈ ಅಲುಗಿಸದೆ ಕತ್ತು ಮಾತ್ರ ತಿರುಗಿಸುತ್ತಾರೆ.

"ಏಪ್ರಿಲ್‌ನಿಂದ ಪ್ಲೇಟು ಕೋಣೆಗೆ ಒಂದೇ ಹುದ್ದೆ. ಅದು ಕಾಯಂ. ಇನ್ನೊಂದನ್ನ ತೆಗೀತಾರೆ. ನಿಮ್ಮಿಬ್ಬರಲ್ಲಿ ಯಾರು ಅಂತ ಮಾರ್ಚ್ ಕೊನೆಗೆ ಹೇಳ್ತೀನಿ. ಕೆಲಸ ನೋಡಿ ಹೇಳ್ತೀನಿ, ವಯಸ್ಸು ನೋಡಿ ಅಲ್ಲ."

ಕೊನೆಯ ಮಾತು ನನಗೆ. ಗಾಜನ್ನು ಅಂಚಿನಲ್ಲಿ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ನಾನು. ಅವಳನ್ನು ಈ ಕೋಣೆಗೆ ತಂದವಳೂ ನಾನೇ. ಈ ಗೂಬೆಯ ಮುಂದೆ ನಿಂತು, ನನ್ನ ತಂಗಿ ಸರ್, ಕಣ್ಣು ಚುರುಕು ಅಂದಿದ್ದೆ. ನನ್ನ ಬಾಯಿಗೆ ಮಣ್ಣು ಹಾಕ.

ಹೊರಗೆ ಬಂದ ಮೇಲೆ ತಂಗಿ ನನ್ನ ತೋಳು ಹಿಡಿದು, "ನಿಂಗೇ ಬರಲಿ ಅಕ್ಕ. ನಾನು ಎಲ್ಲಾದ್ರೂ ಬದುಕ್ಕೋತೀನಿ" ಅಂದಳು.

ಅವಳು ಅದನ್ನು ಮನಸ್ಸಿಟ್ಟೇ ಹೇಳಿದ್ದು. ಅದೇ ನನಗೆ ತಡೆಯಲಾಗದ್ದು. ದಾನ ಕೊಡುವ ದನಿಯಲ್ಲಿ ಹೇಳಿದಳು.


ಫೆಬ್ರವರಿ ೬, ರಾತ್ರಿ

ಇದನ್ನು ಇವತ್ತೇ ಬರೆಯಲೇಬೇಕು.

ಮಧ್ಯಾಹ್ನ. ನಾನು ಅಳತೆಯ ಮೇಜಿನಲ್ಲಿದ್ದೆ. ಲಿವರ್‌ನ ಸದ್ದು ನಿಂತಿತು. ಆಮೇಲೆ ಒಂದೇ ಜಾಗದಲ್ಲಿ ಟಕ್ ಟಕ್ ಟಕ್.

"ಅಕ್ಕಾ. ಬಾ ಇಲ್ಲಿ."

"ಧೂಳಾ?"

"ನೀನೇ ನೋಡು."

ಟಕ್. ಒಂದು ಮಸುಕು ಚುಕ್ಕೆ. ಟಕ್. ಇಲ್ಲ. ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು... ಐಪೀಸಿನ ಈ ಅಂಚಿನಿಂದ ಆ ಅಂಚಿಗೆ ಹಾರಿತ್ತು. ಇಷ್ಟು ವರ್ಷದಲ್ಲಿ ಇಂಥ ಹಾರಾಟ ನಾನು ಕಂಡಿಲ್ಲ. ಇಷ್ಟು ಮಂಕಾದದ್ದು ಇಷ್ಟು ಓಡಬೇಕಾದರೆ ಅದು ನಮ್ಮ ಹಿತ್ತಿಲಲ್ಲೇ ಇರಬೇಕು. ಸೂರ್ಯನಿಗೆ ಇಷ್ಟು ಹತ್ತಿರ ಇದ್ದೂ ಯಾರ ಕಣ್ಣಿಗೂ ಬೀಳದೆ ಕೂತಿತ್ತು.

"ಹಳೇದರಲ್ಲಿ ಧೂಳಿರಬೇಕು. ಹೊಸದರಲ್ಲಿ ದಾರಿಹೋಕ ಕ್ಷುದ್ರಗ್ರಹ" ಅಂದೆ.

"ಇರಬಹುದು" ಅಂದಳು. ಆದರೆ ಕಾಲು ನಿಲ್ಲಲಿಲ್ಲ. ಬೇಡ, ಮೂರನೆಯ ಪ್ಲೇಟು ನೋಡಿದ ಮೇಲೆ ಅಂತ ನಾನು ಹೇಳುವುದರೊಳಗೆ ಓಡಿಹೋಗಿ ಗೂಬೆಯನ್ನು ಕರೆತಂದಳು. ಅವರು ಬಗ್ಗಿ ನೋಡಿದರು. ಬಹಳ ಹೊತ್ತು. ಎದ್ದಾಗ ಕನ್ನಡಕ ಒರೆಸಿಕೊಂಡರು.

"ಮೂರನೆಯ ಪ್ಲೇಟು?"

"ನಾಳೆ ಅಕ್ಕ ನೋಡ್ತಾಳೆ ಸರ್."

"ನೋಡಲಿ. ಅದರಲ್ಲೂ ಇದ್ದರೆ, ಹುದ್ದೆ ಯಾರಿಗೆ ಅಂತ ತಲೆ ಕೆಡಿಸಿಕೊಳ್ಳೋ ಕೆಲಸ ನನಗೆ ಉಳಿಯೋದಿಲ್ಲ." ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಹೆದರುತ್ತಿದ್ದರು.

ಈ ಕೋಣೆಯ ಕಟ್ಟಳೆ ನಮಗಿಂತ ಹಳೆಯದು. ಎರಡು ಪ್ಲೇಟಿನ ನಡುವೆ ಕುಪ್ಪಳಿಸಿದ್ದು ಬರೀ ಅನುಮಾನ. ಇನ್ನೊಂದು ವರ್ಷದ ಮೂರನೆಯ ಪ್ಲೇಟಿನಲ್ಲೂ ಲೆಕ್ಕ ಹೇಳಿದ ಜಾಗದಲ್ಲೇ ಸಿಕ್ಕರೆ ಮಾತ್ರ ಅದು ನಕ್ಷತ್ರ. ಮತ್ತೆ, ಕಂಡವರು ಮೂರನೆಯದನ್ನು ನೋಡಕೂಡದು. ಆಸೆ ಹತ್ತಿದ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ. ಇನ್ನೊಬ್ಬರು ನೋಡಬೇಕು, ಕಂಡವರು ಕೋಣೆಯ ಹೊರಗಿರಬೇಕು, ಒಳಗಿನವರು ಹೇಳಿದ್ದೇ ಕೊನೆ.

ಇಲ್ಲಿ ಇನ್ನೊಬ್ಬರು ಅಂದರೆ ನಾನು.

ರಾತ್ರಿ ಊಟಕ್ಕೆ ಅಮ್ಮ ತನ್ನ ತಟ್ಟೆಯ ಸೊಪ್ಪಿನ ಪಲ್ಯ ತೆಗೆದು ಅವಳ ತಟ್ಟೆಗೆ ಹಾಕಿದಳು. "ತಿನ್ನು ಪುಟ್ಟಿ. ಕಣ್ಣಿಗೆ ಒಳ್ಳೇದು."


ಫೆಬ್ರವರಿ ೭, ಬೆಳಗ್ಗೆ

ಬೀರುವಿನ ಕೀಲಿ ನನ್ನಲ್ಲೇ ಇರುವುದು. ಮೂರನೆಯ ಪ್ಲೇಟು ತೆಗೆದೆ. ಆ ಎರಡರ ನಡುವಿನ ವರ್ಷದ್ದು. ನಕ್ಷತ್ರ ನಿಜವಾಗಿದ್ದರೆ ಎರಡು ಜಾಗದ ನಡುವೆ ಎಲ್ಲಿರಬೇಕು ಅಂತ ತಂಗಿ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಟ್ಟಿದ್ದಳು.

"ನಾನು ಟೀಗೆ ನೀರಿಡ್ತೀನಿ ಅಕ್ಕ. ನೀನು ನಿಧಾನಕ್ಕೆ ನೋಡು" ಅಂದು ಕಾರಿಡಾರಿಗೆ ಹೋದಳು. ಬಾಗಿಲು ತಾನೇ ಎಳೆದುಕೊಂಡಳು.

ಪ್ಲೇಟು ಇಟ್ಟೆ. ಲೆಕ್ಕದ ಜಾಗಕ್ಕೆ ತಂದೆ. ಕಣ್ಣಿಟ್ಟೆ.

ಇತ್ತು.

ಹುಡುಕುವುದೇನೂ ಇರಲಿಲ್ಲ. ರಿಸರ್ವ್ ಮಾಡಿಸಿದ ಸೀಟಿನಲ್ಲಿ ಕೂತ ಹಾಗೆ ಕೂತಿತ್ತು. ಅಂಚು ದುಂಡಗೆ, ಧೂಳಲ್ಲ, ಗೀರಲ್ಲ. ಅಪ್ಪಟ ನಕ್ಷತ್ರ.

ಮೊದಲು ಸಂತೋಷವೇ ಆಯಿತು. ಸುಳ್ಳು ಬರೆಯುವುದಿಲ್ಲ. ಆ ಒಂದು ಕ್ಷಣ ಅದು ಯಾರದ್ದೂ ಆಗಿರಲಿಲ್ಲ, ಬರೀ ನಕ್ಷತ್ರವಾಗಿತ್ತು. ಎದೆ ತುಂಬಿ ಬಂತು. ಆಮೇಲೆ ಕಾರಿಡಾರಿನಲ್ಲಿ ಅವಳು ಗುನುಗುವುದು ಕೇಳಿಸಿತು.

ನೀರು ಇನ್ನೂ ಕುದಿ ಬಂದಿರಲಿಲ್ಲ. ಬಾಗಿಲು ತೆಗೆದೆ.

"ಇಲ್ಲ" ಅಂದೆ.


ಅದೇ ದಿನ, ಸಂಜೆ

ಅವಳು ಕಪ್ಪು ಕೆಳಗಿಟ್ಟು, "ಸರಿ" ಅಂದಳು. ಆಮೇಲೆ, "ಗೂಬೆಗೆ ನಾನೇ ಹೇಳ್ತೀನಿ. ಓಡಿಹೋಗಿ ಕರ್ಕೊಂಡು ಬಂದವಳು ನಾನೇ ತಾನೆ."

ಹೇಳಿದಳು. ಗೂಬೆ ನನ್ನನ್ನು ಕರೆದು ಕೇಳಿದರು. ಏನೂ ಇಲ್ಲ ಸರ್, ಖಾಲಿ ಗಾಜು ಅಂದೆ. ಅವರಿಗೆ ನಕ್ಷತ್ರ ಹೋದದ್ದಕ್ಕಿಂತ ತಾವು ಕನ್ನಡಕ ಒರೆಸಿಕೊಂಡದ್ದು ವ್ಯರ್ಥವಾಯಿತಲ್ಲ ಎನ್ನುವ ಸಿಟ್ಟು. "ಮೂರನೆಯದು ಆಗೋವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು ಮೊದಲನೇ ಪಾಠ. ಇಷ್ಟು ದಿನ ಇದ್ದು ಅಷ್ಟೂ ಕಲಿಯಲಿಲ್ವಾ?" ಅಂದರು ಅವಳಿಗೆ, ನನ್ನೆದುರಿಗೇ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಿಟ್ಟು ಕೂತಿದ್ದಳು.

"ನಂಗೆ ಅಷ್ಟು ಸ್ಪಷ್ಟವಾಗಿ ಕಂಡಿತ್ತಲ್ಲ ಅಕ್ಕ" ಅಂದಳು.

"ಆಸೆಗಣ್ಣು. ಎಲ್ಲರಿಗೂ ಆಗುತ್ತೆ" ಅಂದೆ. ತಲೆ ಸವರಿದೆ. ಸವರಿದ ಕೈಯಲ್ಲೇ ಬರೆಯುತ್ತಿದ್ದೇನೆ.

ಹಾಲು ಕುಡಿದಷ್ಟು ತಣ್ಣಗಿದೆ ಹೊಟ್ಟೆ. ನಾಚಿಕೆ ಆಗಬೇಕಿತ್ತು. ಹುಡುಕಿ ನೋಡಿದೆ, ಇಲ್ಲ.


ಫೆಬ್ರವರಿ ೨೪

ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ತಂಗಿ ಈಗ ಕುಪ್ಪಳಿಸಿದ್ದನ್ನು ಕಂಡರೂ ಕರೆಯುವುದಿಲ್ಲ. ಐಪೀಸಿನಿಂದ ಮುಖ ತೆಗೆದು, ಕಣ್ಣು ಉಜ್ಜಿ, ಮತ್ತೆ ಇಡುತ್ತಾಳೆ. ನಿನ್ನೆ ನಿಜವಾದ ಒಂದನ್ನು ಧೂಳು ಅಂತ ಬಿಟ್ಟಳು. ಇವತ್ತು ನನ್ನ ಸರದಿಯಲ್ಲಿ ಅದೇ ಜೋಡಿ ಮತ್ತೆ ಹಾಕಿ ಅದನ್ನು ಹಿಡಿದೆ. ಮೂರನೆಯ ಪ್ಲೇಟು ಅವಳೇ ನೋಡಿದಳು. ಪಾಪ, ಅರ್ಧ ದಿನ ತಗೊಂಡು "ಇದೆ ಅನ್ಸುತ್ತೆ" ಅಂದಳು. ಅನ್ಸುತ್ತೆ ಅಂತೆ.

ಗೂಬೆ ನನ್ನ ಬೆನ್ನು ತಟ್ಟಿದರು.

ಅಮ್ಮನಿಗೆ ಹೇಳಿದೆ. "ಓ, ನಿಂಗೂ ಸಿಕ್ತಾ? ಕುರುಡು ಕೋಳಿಗೂ ಒಂದು ಕಾಳು" ಅಂದಳು. ಅಮ್ಮನನ್ನು ಗೆಲ್ಲುವುದು ಆಕಾಶದಿಂದ ಆಗುವ ಕೆಲಸವಲ್ಲ.


ಮಾರ್ಚ್ ೩೧, ಶುಕ್ರವಾರ

ಕಾಯಂ.

ಪತ್ರ ಕೈಗೆ ಬಂತು. ತಂಗಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ತನ್ನ ಮಗ್ಗು, ತನ್ನ ಹತ್ತಿ ಕೈಗವಸು, ಹಸಿರು ಸ್ವೆಟರ್... ಒಂದು ಚೀಲದಲ್ಲಿ ಎಲ್ಲ ಹಿಡಿಯಿತು. ಬಾಗಿಲಲ್ಲಿ ನಿಂತು ಯಂತ್ರದ ಕಡೆ ನೋಡಿದಳು. ನಮಸ್ಕಾರ ಹೇಳುತ್ತಾಳೇನೋ ಅಂದುಕೊಂಡೆ. ಲೈಟ್ ಆಫ್ ಮಾಡಿ ಹೋದಳು. ನಾನು ಒಳಗೇ ಇದ್ದೆ.


ಏಪ್ರಿಲ್ ೨೦

ತಂಗಿಗೆ ಕೆಲಸ ಸಿಕ್ಕಿದೆ. ಫೋಟೋ ಸ್ಟುಡಿಯೋದಲ್ಲಿ. ನೆಗೆಟಿವ್ ಮೇಲೆ ಸಣ್ಣ ಬ್ರಷ್ಷಿನಿಂದ ಮುಖದ ಮಚ್ಚೆ, ಮೊಡವೆ, ಸುಕ್ಕು ಅಳಿಸುವುದು. ಒಂದು ಕಾಲಕ್ಕೆ ಚುಕ್ಕೆ ಹುಡುಕುತ್ತಿದ್ದವಳು ಈಗ ಚುಕ್ಕೆ ಅಳಿಸುತ್ತಾಳೆ. ಅವಳೇ ಹೇಳಿ ನಕ್ಕಳು. ಅಮ್ಮ ನಗಲಿಲ್ಲ.

"ನೀನಾದ್ರೂ ಹೇಳಬಾರದಿತ್ತಾ ಆ ಮುಖ್ಯಸ್ಥರಿಗೆ, ಅವಳನ್ನೂ ಇಟ್ಕೊಳ್ಳಿ ಅಂತ" ಅಂತ ನನ್ನ ಮೇಲೆ ಹರಿಹಾಯ್ದಳು.

"ಹೇಳಿದೆನಮ್ಮ" ಅಂದೆ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದಕ್ಕೆ ಬಾಡಿಗೆ ಇಲ್ಲ.


ಜೂನ್ ೧೨

ಊಟದ ಹೊತ್ತಿಗೆ ಕೋಣೆಯ ಬಾಗಿಲು ಹಾಕಿ ಮೂರೂ ಪ್ಲೇಟು ತೆಗೆದು ನೋಡುತ್ತೇನೆ. ಚಟವಾಗಿಬಿಟ್ಟಿದೆ. ಟಕ್, ಟಕ್. ಎಂಥ ಓಟ. ಇಂಥದ್ದನ್ನು ಹುಡುಕಿದವರ ಹೆಸರು ಜೊತೆಗೇ ಉಳಿಯುತ್ತದೆ, ಅವರು ಸತ್ತ ಮೇಲೂ.

ಹೇಗೆ ಹೊರಗೆ ತರಬೇಕು ಅಂತ ಎಲ್ಲ ಯೋಚಿಸಿಟ್ಟಿದ್ದೇನೆ. ಈಗಲೇ ಬೇಡ. ಗೂಬೆಗೆ ಆ ಜಾಗ ಇನ್ನೂ ನೆನಪಿದೆ. ಒಂದು ಚಳಿಗಾಲ ಕಳೆಯಲಿ. ಹೊಸ ಪ್ಲೇಟು ತೆಗೆಸುತ್ತೇನೆ, ಬೇರೆ ಜೋಡಿ ಹಾಕುತ್ತೇನೆ, ಅಕಸ್ಮಾತ್ ಸಿಕ್ಕ ಹಾಗೆ ಹಿಡಿಯುತ್ತೇನೆ. ಮೂರನೆಯದನ್ನು ಗೂಬೆಯೇ ನೋಡಲಿ. ಅವತ್ತಿನ ಪ್ಲೇಟಿನ ಗತಿ ಏನು ಅಂತ ಕೇಳಿದರೆ, ಆ ಗಾಜಿನಲ್ಲಿ ಮಂಕಾಗಿದೆ ಸರ್ ಅನ್ನಬಹುದು. ತಾಳಿದವನು ಬಾಳಿಯಾನು.

ಅದೇನೂ ಓಡಿಹೋಗುವುದಿಲ್ಲ. ಓಡುತ್ತದೆ, ನಿಜ. ಆದರೆ ನನ್ನ ಆಯಸ್ಸಿನಲ್ಲಿ ಕೈತಪ್ಪುವಷ್ಟು ದೂರವಲ್ಲ.


ಆಗಸ್ಟ್ ೨೧

ತಂಗಿ ಇತ್ತೀಚೆಗೆ ಸ್ಟುಡಿಯೋದಿಂದ ಬಂದು ಅಮ್ಮನ ಕಾಲು ಒತ್ತುತ್ತಾಳೆ. ನನ್ನ ಕೆಲಸದ ಬಗ್ಗೆ ಕೇಳುತ್ತಾಳೆ. ಏನೇನು ಜೋಡಿ ಹಾಕಿದೆ, ಗೂಬೆ ಹೇಗಿದ್ದಾರೆ. ಹೇಳುತ್ತೇನೆ. ಹೇಳುವಾಗ ಸ್ವಲ್ಪ ಮೆರೆಯುತ್ತೇನೆ. ಮೆರೆದರೆ ಅವಳ ಮುಖ ಬಾಡಬೇಕು, ಬಾಡುವುದಿಲ್ಲ. ತಲೆ ಆಡಿಸುತ್ತ ಕೇಳುತ್ತಾಳೆ. ಇವಳಿಗೆ ಹೊಟ್ಟೆಕಿಚ್ಚು ಅನ್ನುವುದೇ ಇಲ್ಲವೇ ಅಂತ ನನಗೆ ಸಿಟ್ಟು.


ಸೆಪ್ಟೆಂಬರ್ ೨೯, ಶುಕ್ರವಾರ, ಮಧ್ಯಾಹ್ನ

ಹೋಯಿತು.

ಗೂಬೆ ಹೊಸ ಶೋಧ ಸಾರುವ ಒಂದು ಸರ್ಕ್ಯುಲರ್ ಹಿಡಿದು ಬಂದರು. ಬೇರೆ ದೇಶದ ವೀಕ್ಷಣಾಲಯ. ಸೂರ್ಯನಿಗೆ ಬಹಳ ಹತ್ತಿರದ ಹೊಸ ನಕ್ಷತ್ರ, ಕೆಂಪು, ಮಂಕು, ಭಾರಿ ವೇಗ. ಜಾಗ ಕೊಟ್ಟಿದ್ದಾರೆ. ಓದುವ ಮೊದಲೇ ಗೊತ್ತಾಯಿತು.

"ಇದು ನಿಮ್ಮ ತಂಗಿ ಹೇಳಿದ ಜಾಗವೇ ಅಲ್ವಾ?"

"ಇರಬೇಕು ಸರ್."

"ಆ ಮೂರನೆಯ ಪ್ಲೇಟು ತೆಗೀರಿ."

ತೆಗೆದೆ. ಬೇರೆ ದಾರಿ ಇರಲಿಲ್ಲ. ಬೀಳಿಸಿ ಒಡೆದುಬಿಡಲೇ ಅನ್ನಿಸಿತು, ಕೈ ಬರಲಿಲ್ಲ. ಅಷ್ಟು ವರ್ಷ ಅಂಚು ಹಿಡಿದ ಬೆರಳು ತಾನಾಗಿಯೇ ಬಿಗಿ ಹಿಡಿಯಿತು. ಗೂಬೆ ಕಣ್ಣಿಟ್ಟರು. ಬಹಳ ಹೊತ್ತಾಗಲಿಲ್ಲ ಈ ಸಲ.

"ಇದು ನಿಮಗೆ ಕಾಣಲಿಲ್ವಾ?"

ಪ್ಲೇಟು ತೆಗೆದು ಅದರ ಕವರಿಗೆ ಹಾಕತೊಡಗಿದೆ.

"ಸೋಮವಾರ ರಜೆ. ಮಂಗಳವಾರ ನಿಮ್ಮ ತಂಗಿಯನ್ನ ಕರ್ಕೊಂಡು ಬನ್ನಿ" ಅಂದು ಹೋದರು. ಕೈಗೆ ಬಂದ ತುತ್ತು. ಯಾರೋ ಗುರುತಿಲ್ಲದವರು ಬಾಯಿಗೆ ಹಾಕಿಕೊಂಡರು.


ಅಕ್ಟೋಬರ್ ೩, ಮಂಗಳವಾರ

ಗೂಬೆಯ ಕೋಣೆ. ಮೇಜಿನ ಈಚೆ ನಾವಿಬ್ಬರೂ. ಶನಿವಾರದಿಂದ ಒಂದು ಉತ್ತರ ಕಟ್ಟಿಕೊಂಡಿದ್ದೆ. ಬಲ್ಬು ಮಂಕಾಗಿತ್ತು, ಜಾಗ ತಪ್ಪಿ ನೋಡಿರಬೇಕು, ಇತ್ಯಾದಿ. ಹೇಳಲು ಬಿಡಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ತಂಗಿ ಮಾತಾಡಿದಳು.

"ಅಕ್ಕನ್ನ ಬಯ್ಯಬೇಡಿ ಸರ್. ಅವಳಿಗೆ ಕಣ್ಣು ಸರಿಯಾಗಿ ಕಾಣಲ್ಲ. ಒಂದು ವರ್ಷ ಆಯ್ತು. ಸೂಜಿಗೆ ದಾರ ಕೂಡ ನಾನೇ ಪೋಣಿಸಿ ಕೊಡೋದು. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ, ಪಾಪ."

ನಾನು ಅವಳ ಮುಖ ನೋಡಿದೆ. ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ನನ್ನ ಸೂಜಿಗೆ ಅವಳು ಯಾವತ್ತೂ ದಾರ ಪೋಣಿಸಿಲ್ಲ.

ಗೂಬೆಯ ಕತ್ತು ನನ್ನ ಕಡೆ ತಿರುಗಿತು. "ಹೌದೇನಮ್ಮ?"

ಹೌದು ಅಂದರೆ ಕುರುಡಿ. ಇಲ್ಲ ಅಂದರೆ... ಕಣ್ಣು ಸರಿಯಿದ್ದವಳಿಗೆ ಅಷ್ಟು ಸ್ಪಷ್ಟವಾದದ್ದು ಹೇಗೆ ಕಾಣಲಿಲ್ಲ? ಬಿಸಿತುಪ್ಪ ಅನ್ನುತ್ತಾರಲ್ಲ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಕಣ್ಣಿನ ಡಾಕ್ಟರಿಗೆ ತೋರಿಸಿ, ಬರೆಸಿಕೊಂಡು ಬನ್ನಿ" ಅಂದರು. "ಕಣ್ಣು ಕೆಟ್ಟಿದ್ದರೆ ಅದು ಯಾರ ತಪ್ಪೂ ಅಲ್ಲ. ಕಣ್ಣು ಸರಿ ಇದೆ ಅಂತಾದ್ರೆ ನಾನು ಬೇರೆ ಪ್ರಶ್ನೆ ಕೇಳಬೇಕಾಗುತ್ತೆ. ಕೋಣೆಯ ಕೀಲಿ ಇಲ್ಲಿಟ್ಟು ಹೋಗಿ."


ಅದೇ ದಿನ, ಸಂಜೆ

ಬಸ್ ಸ್ಟಾಪಿನಲ್ಲಿ ಕೇಳಿದೆ. "ಯಾವಾಗ ಗೊತ್ತಾಯ್ತು?"

ಅವಳು ಬಸ್ಸು ಬರುವ ಕಡೆ ನೋಡುತ್ತಿದ್ದಳು. "ಸ್ಟುಡಿಯೋದಲ್ಲಿ. ಜುಲೈನಲ್ಲಿ ಇರಬೇಕು. ಒಬ್ಬಳ ಕೆನ್ನೆ ಮಚ್ಚೆ ಅಳಿಸ್ತಾ ಕೂತಿದ್ದೆ. ಮಚ್ಚೆ ಇದ್ದರೆ ಕಣ್ಣು ಇಟ್ಟ ಕೂಡಲೇ ಕಾಣುತ್ತೆ. ಇಲ್ಲ ಅನ್ನಬೇಕಾದ್ರೆ ಮುಖ ಎಲ್ಲ ನೋಡಬೇಕು. ಆಗ ಹೊಳೀತು."

"ಏನು?"

"ಇದೆ ಅನ್ನೋಕೆ ಒಂದು ನೋಟ ಸಾಕು. ಇಲ್ಲ ಅನ್ನೋಕೆ ಅರ್ಧ ದಿನ ಬೇಕು. ಸುತ್ತಮುತ್ತ ಹುಡುಕಬೇಕು, ಲೆಕ್ಕ ತಪ್ಪಿದೆಯಾ ನೋಡಬೇಕು, ಗಾಜು ತಿರುಗಿಸಿ ನೋಡಬೇಕು. ಕಲಿಸಿದವಳು ನೀನೇ. ಅವತ್ತು ನೀನು ನೀರು ಕುದಿಯೋಕೆ ಮುಂಚೆ ಹೊರಗೆ ಬಂದೆ."

ನಾನು ಆ ತಪ್ಪು ಮಾಡಿದ್ದೆ. ಮಧ್ಯಾಹ್ನದವರೆಗೆ ಸುಮ್ಮನೆ ಒಳಗೆ ಕೂತಿದ್ದರೆ ಸಾಕಿತ್ತು. ಗೋಡೆ ನೋಡುತ್ತ ಕೂತಿದ್ದರೂ ಸಾಕಿತ್ತು.

"ಆ ಸರ್ಕ್ಯುಲರ್‌ನವರಿಗೆ..."

"ನಾನೇ ಬರೆದೆ. ಇಂಥ ಕಡೆ ನೋಡಿ, ಇಷ್ಟು ವೇಗ ಇದೆ ಅಂತ. ನನ್ನ ಹೆಸರು ಹಾಕಬೇಡಿ ಅಂದೆ."

"ಹುಚ್ಚೀ, ಅದು ನಿಂದಾಗಿತ್ತಲ್ಲೇ."

"ಹ್ಞೂಂ. ಹೋಯ್ತು." ಚೀಲ ಭುಜಕ್ಕೇರಿಸಿಕೊಂಡಳು. "ನಿನ್ನ ಕೈಗೆ ಸಿಗಬಾರದಿತ್ತು. ಅಷ್ಟೆ."

ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವವರ ಗಾದೆ ಕೇಳಿದ್ದೆ. ಅಂಥವಳು ನಮ್ಮ ಮನೆಯಲ್ಲೇ ಇದ್ದಾಳೆ ಅಂತ ಗೊತ್ತಿರಲಿಲ್ಲ. ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟಳು. ಮೆಟ್ಟಿಲು ಇಳಿಯುವಾಗ ಎಲ್ಲರೆದುರಿಗೆ ಕೈ ಹಿಡಿದು, "ನಿಧಾನ ಅಕ್ಕ, ಮೆಟ್ಟಿಲಿದೆ" ಅಂದಳು.

ಹೊಟ್ಟೆಕಿಚ್ಚು ಇಲ್ಲ ಅಂದುಕೊಂಡಿದ್ದೆನಲ್ಲ. ನನಗಿಂತ ದೊಡ್ಡದನ್ನು ಸಾಕಿಕೊಂಡಿದ್ದಳು. ಹೆದರಿಕೆಯಾಗುತ್ತಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ನನ್ನ ತಂಗಿ ಅನ್ನಿಸಿತು.


ಅಕ್ಟೋಬರ್ ೬, ಶುಕ್ರವಾರ

ಕಣ್ಣಿನ ಆಸ್ಪತ್ರೆ. ತಂಗಿ ಸ್ಟುಡಿಯೋಗೆ ರಜೆ ಹಾಕಿ ಜೊತೆಗೆ ಬಂದಳು. ಹೊರಗಿನ ಬೆಂಚಿನಲ್ಲಿ ನನಗೆ ನೀರಿನ ಬಾಟಲಿ ಕೊಟ್ಟು ಮೆಲ್ಲಗೆ ಅಂದಳು: "ಕಾಣಲ್ಲ ಅಂತ ಹೇಳು. ಇಲ್ಲಾಂದ್ರೆ ಅವತ್ತು ಕಂಡಿತ್ತು ಅಂತ ಹೇಳು. ಎರಡರಲ್ಲಿ ಯಾವುದಾದ್ರೂ ನಂಗೆ ಪರವಾಗಿಲ್ಲ."

"ಅಮ್ಮಂಗೆ ಹೇಳಿದೀಯಾ?"

"ಕಣ್ಣಿನ ವಿಷಯಾನಾ? ಹೇಳಿದೀನಿ."

"ಇನ್ನೊಂದು."

"ಅದು ನೀನು ಒಳಗೆ ಏನು ಹೇಳ್ತೀಯೋ ಅದರ ಮೇಲೆ."

ಅಮ್ಮನಿಗೆ ಗೊತ್ತಾದರೆ. ಗೂಬೆಗೆ ಗೊತ್ತಾಗುವುದು, ಕೆಲಸ ಹೋಗುವುದು, ಅದೆಲ್ಲ ಒಂದು ಕಡೆ. ಅಮ್ಮ ಆ ಕುರ್ಚಿಯಲ್ಲಿ ಕೂತು ಇನ್ನುಳಿದ ಆಯಸ್ಸೆಲ್ಲ ಅದನ್ನೇ ಜಗಿಯುತ್ತಾಳೆ. ನಾನು ಅವಳಿಗೆ ನೀರು ಕೊಡುವಾಗ, ಮೈ ತೊಳೆಸುವಾಗ, ಮಗ್ಗುಲು ಹೊರಳಿಸುವಾಗ.

ಕತ್ತಲೆ ಕೋಣೆ. ಎದುರಿನ ಗೋಡೆಯ ಮೇಲೆ ಬೆಳಕಿನ ಚೌಕ, ಅದರಲ್ಲಿ ಅಕ್ಷರ. ಮೇಲೆ ದಪ್ಪದ್ದು, ಕೆಳಗೆ ಬರುತ್ತ ಇರುವೆಯಷ್ಟು. ಕುಳಿತ ಕೂಡಲೇ ಕೊನೆಯ ಸಾಲು ಪೂರ್ತಿ ಓದಿಬಿಟ್ಟೆ, ಮನಸ್ಸಿನಲ್ಲಿ. ಅದರ ಕೆಳಗೆ ಮುದ್ರಿಸಿದವರ ಹೆಸರೂ ಇತ್ತು. ಅದನ್ನೂ ಓದಿದೆ.

"ಮೇಲಿಂದ ಹೇಳ್ತಾ ಬನ್ನಿ" ಅಂದರು ಡಾಕ್ಟರು.

ಎರಡು ಸಾಲು ಹೇಳಿದೆ. ಮೂರನೆಯದಕ್ಕೆ ತಡವರಿಸಿದೆ. ನಾಲ್ಕನೆಯದಕ್ಕೆ, "ಕಾಣಲ್ಲ" ಅಂದೆ.

"ಪ್ರಯತ್ನ ಮಾಡಿ."

"ಕಾಣಲ್ಲ ಡಾಕ್ಟ್ರೇ."

ಲೆನ್ಸು ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಎಲ್ಲದಕ್ಕೂ ಕಾಣಲ್ಲ. ಕಣ್ಣಿನೊಳಗೆ ದೀಪ ಬಿಟ್ಟು ಬಹಳ ಹೊತ್ತು ಹುಡುಕಿದರು. ಈ ಮನುಷ್ಯನೂ ಇಲ್ಲ ಅನ್ನಲು ಅರ್ಧ ದಿನ ತೆಗೆದುಕೊಳ್ಳುವ ಜಾತಿ. ಕೊನೆಗೆ, "ಒಳಗೆ ದೋಷ ಏನೂ ಸಿಗ್ತಿಲ್ಲ. ಆದ್ರೂ ನಿಮಗೆ ಕಾಣಲ್ಲ ಅಂದ್ರೆ ನಾನು ಇಲ್ಲ ಅನ್ನೋಕಾಗಲ್ಲ. ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು" ಅಂದಳು ತಂಗಿ, ಬಾಗಿಲ ಹತ್ತಿರದಿಂದ.

ಬರೆದುಕೊಟ್ಟರು. ಸೂಕ್ಷ್ಮ ಕೆಲಸ ಬೇಡ. ಓದು, ಬರಹ ಕಡಿಮೆ ಮಾಡಬೇಕು. ತಂಗಿ ಆ ಕಾಗದವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದಳು, ವೇಟಿಂಗ್ ರೂಮಿನಲ್ಲಿ, ನಿಧಾನವಾಗಿ, ಒಂದೊಂದು ಪದ ಬಿಡಿಸಿ.


ಅಕ್ಟೋಬರ್ ೧೬

ಪ್ಲೇಟು ಕೋಣೆಗೆ ತಂಗಿ ಹೋಗುತ್ತಿದ್ದಾಳೆ. ಗೂಬೆಯೇ ಕರೆಸಿದರು. ಬೆಳಗ್ಗೆಯೂ ಅವಳೇ, ಮಧ್ಯಾಹ್ನವೂ ಅವಳೇ. ಮೂರನೆಯ ಪ್ಲೇಟು ನೋಡಲು ಗೂಬೆ ಬರುತ್ತಾರಂತೆ.

ನಾನು ಮನೆ. ತಂಗಿ ದಿನಾ ಪೇಪರು ಓದಿ ಹೇಳುತ್ತಾಳೆ, ಸಣ್ಣ ಅಕ್ಷರದ ಜಾಹೀರಾತನ್ನೂ ಬಿಡುವುದಿಲ್ಲ. ಕಾಳು ಆರಿಸುವಾಗ ಕಲ್ಲು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ, ಕಾಣದವಳ ಹಾಗೆ ಬಿಡಬೇಕು. ನಿನ್ನೆ ಊಟದಲ್ಲಿ ಅಮ್ಮ ಒಂದು ಕಲ್ಲನ್ನು ಕಟುಮ್ ಅಂತ ಕಚ್ಚಿದಳು. "ಆ ಕುರುಡಿ ಕೈಗೆ ಯಾಕೆ ಕೊಡ್ತೀಯೇ ಪುಟ್ಟಿ" ಅಂದಳು. ತಂಗಿ, "ಕೂತು ಬೇಜಾರಾಗುತ್ತಲ್ಲಮ್ಮ ಅವಳಿಗೆ" ಅಂದಳು. ಅಮ್ಮನಿಗೆ ಒಂದು ಹಲ್ಲು ಅಲುಗಾಡುತ್ತಿದೆ. ನನಗೆ ನಗು ಬಂತು. ಕುರುಡರು ನಗುವುದನ್ನು ಯಾರೂ ನೋಡುವುದಿಲ್ಲ ಅಂದುಕೊಂಡೆ, ತಂಗಿ ನೋಡುತ್ತಿದ್ದಳು.


ಅಕ್ಟೋಬರ್ ೨೮, ಶನಿವಾರ, ಮಧ್ಯಾಹ್ನ

ತಂಗಿಗೆ ಇವತ್ತು ರಜೆ. ಊಟವಾಗಿ ಅಮ್ಮ ಕುರ್ಚಿಯಲ್ಲೇ, ತಂಗಿ ಚಾಪೆಯ ಮೇಲೆ ಕಣ್ಣು ಮುಚ್ಚಿದ್ದಾರೆ. ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿಯ ಬೆಳಕು ಚೆನ್ನಾಗಿದೆ. ಬೀದಿಯಾಚೆಯ ಮನೆಯ ಹಂಚಿನ ಮೇಲೆ ಕೂತ ನೊಣ ಕೂಡ ಕಾಣುತ್ತದೆ. ಇಂಥ ಕಣ್ಣು.

ನಿನ್ನೆ ತಂಗಿ ಹೇಳಿದಳು, ಹೊಸದೊಂದು ಸಿಕ್ಕಿದೆಯಂತೆ. ಮೂರನೆಯ ಪ್ಲೇಟಿನಲ್ಲೂ ಇದೆಯಂತೆ. ಗೂಬೆ ಅರ್ಧ ದಿನ ನೋಡಿದರಂತೆ. ಎಷ್ಟು ಓಡುತ್ತದೆ ಅಂತ ಕೇಳಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಆ ಕುಪ್ಪಳಿಕೆಯನ್ನು ಒಂದು ಸಲ ನೋಡಲು ಏನು ಬೇಕಾದರೂ ಕೊಡುತ್ತಿದ್ದೆ. ಅವಳ ಕಾಲು ಹಿಡಿಯಬೇಕೆಂದರೂ ಹಿಡಿಯುತ್ತಿದ್ದೆ... ಇಲ್ಲ, ಹಿಡಿಯುತ್ತಿರಲಿಲ್ಲ. ಅವಳಿಗೂ ಅದು ಗೊತ್ತು. ಅದಕ್ಕೇ ಹೇಳುತ್ತಾಳೆ, ದಿನಾ ಒಂದೊಂದು

ಅಮ್ಮನಿಗೆ ಎಚ್ಚರವಾಗಿದೆ. ನನ್ನನ್ನು ಕೂಗಿದಳು. ಓಗೊಡಲಿಲ್ಲ. ಈ ಪುಟ ಮುಗಿಸಿ ಹೋಗೋಣ ಅಂತ.

"ಪುಟ್ಟೀ, ಅದೇನೇ ಅದು ಕರಕರ ಸದ್ದು ಅಡುಗೆಮನೇಲಿ. ಕಣ್ಣು ಕಾಣದವಳು ಅಲ್ಲಿ ಕೂತು ಏನು ಬರೀತಿದಾಳೆ?"

"ಇರಮ್ಮ. ನಾನು ನೋಡಿ ಓದಿ ಹೇಳ್ತೀನಿ."

ಚಾಪೆ ಸರಿಯಿತು. ಬರುತ್ತಿದ್ದಾಳೆ, ಬರಿಗಾಲು, ಅವಸರವೇ ಇಲ್ಲ, ಬಾಗಿಲ